ಜಿ-9, ಏಲಕ್ಕಿ, ಸುಗಂಧಿ ಬಾಳೆ: ನಮ್ಮ ಹೊಲದಲ್ಲಿ ಮೂರೂ ಬೆಳೆದು ನೋಡಿದ ಮೇಲೆ

ಗಂಗಾವತಿ ಕಡೆ ಬಾಳೆ ಹಾಕುವವರೆಲ್ಲ ಮೊದಲು ಕೇಳುವುದು ಗೊನೆ ಎಷ್ಟು ತೂಗುತ್ತದೆ ಅಂತ. ಯಾವ ತಿಂಗಳಲ್ಲಿ ತುಂಬುತ್ತದೆ ಅಂತ ಯಾರೂ ಕೇಳುವುದಿಲ್ಲ. ಆನೆಗೊಂದಿ ಹತ್ತಿರ ನಮ್ಮ ಹೊಲದಲ್ಲಿ ಮೂರೂ ಜಾತಿ ಅಕ್ಕಪಕ್ಕ ಹಾಕಿ, ಒಂದೇ ಡ್ರಿಪ್, ಒಂದೇ ಗೊಬ್ಬರ ಕೊಟ್ಟು ನೋಡಿದೆವು.

ತೂಕಕ್ಕೆ ಜಿ-9 (ಗ್ರ್ಯಾಂಡ್ ನೈನ್ ಅನ್ನುವ ಪಚ್ಚಬಾಳೆ) ಬಿಟ್ಟರೆ ಬೇರೆ ಇಲ್ಲ. ಗಿಡ ಆರೇಳು ಅಡಿ, 11-12 ತಿಂಗಳಿಗೆ ಕಟಾವು, ಚೆನ್ನಾಗಿ ನೋಡಿಕೊಂಡರೆ ಗೊನೆ 25-30 ಕಿಲೋ. ಲ್ಯಾಬಿನಲ್ಲಿ ಬೆಳೆಸಿದ ಟಿಶ್ಯೂ ಕಲ್ಚರ್ ಸಸಿ ಆದ್ದರಿಂದ ತೋಟವೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಕಟಾವಿಗೆ ಬರುತ್ತದೆ, ವ್ಯಾಪಾರಿಗೆ ಖುಷಿ, ಆದರೆ ರೇಟು ಬಿದ್ದ ವಾರ ಬಂದರೆ ನಮ್ಮ ಕಥೆ ಮುಗಿಯಿತು. ಬಿಸಿಲಿನ ಕಾಟ ಬೇರೆ. 25 ಡಿಗ್ರಿ ದಾಟಿದ ಸೆಕೆಯಲ್ಲಿ ಈ ಹಣ್ಣು ಒಳಗೆ ಮೆತ್ತಗಾದರೂ ಸಿಪ್ಪೆ ಹಸಿರಾಗಿಯೇ ಉಳಿಯುತ್ತದೆ. ತಂಪು ಕೋಣೆ ಇಲ್ಲದೆ ಮನೆಯಲ್ಲೇ ಹಣ್ಣು ಮಾಡಿ ಸಂತೆಗೆ ಒಯ್ದರೆ ಗಿರಾಕಿ ಕಾಯಿ ಅಂತ ಮುಂದೆ ಹೋಗುತ್ತಾನೆ. ಎಲೆಚುಕ್ಕೆ ರೋಗವೂ ಇದಕ್ಕೇ ಜಾಸ್ತಿ.

ಏಲಕ್ಕಿ ಗೊನೆ 10-15 ಕಿಲೋ ಅಷ್ಟೇ. ಒಂದೆರಡು ತಿಂಗಳು ಹೆಚ್ಚು ಕಾಯಬೇಕು. ಆದರೆ ಕಿಲೋಗೆ ಎರಡು ಪಟ್ಟು ರೇಟು ಸಿಗುವುದುಂಟು, ಅಲ್ಲಿಗೆ ತೂಕದ ಲೆಕ್ಕ ಸಮ ಆಯಿತಲ್ವಾ? ಬೇಸಿಗೆಯಲ್ಲೂ ಬಂಗಾರದ ಬಣ್ಣ ಬರುತ್ತದೆ. ಪನಾಮ ಸೊರಗು ರೋಗ ಮಾತ್ರ ಇದರ ಶತ್ರು. ಅದನ್ನು ತರುವ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತದೆ, ರೋಗ ಬಂದು ಹೋದ ಹೊಲಕ್ಕೆ ಏಲಕ್ಕಿ ಬೇಡವೇ ಬೇಡ. ಯಾರೋ ಸುಮ್ನೆ ಕೊಡುತ್ತಾರೆ ಅಂತ ಕಂದು (ಬುಡದ ಮರಿಗಿಡ) ತರಬೇಡಿ. ಅದೇ ಸಾಲಿನ ಒಂದು ಗಡ್ಡೆ ಕೊಯ್ದು ನೋಡಿ, ಒಳಗೆ ಕೆಂಪಗಿನ ಗೆರೆ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.

ಸುಗಂಧಿ ನಮ್ಮ ಹಿರಿಯರ ಕಾಲದಿಂದ ಇರುವ ಜಾತಿ. ಕಂಪ್ಲಿ, ಹೊಸಪೇಟೆ ಕಡೆಯೂ ಇದೆ. ಗಿಡ ಎತ್ತರ, ಊರುಗೋಲು ಕಟ್ಟದೆ ಬಿಟ್ಟರೆ ಒರಗುತ್ತದೆ. ಊಟದೆಲೆ, ದಸರಾ ಪೂಜೆಯ ಕಂದು ಮಾರಿದ ದುಡ್ಡು ಮೇಲಿನ ಖರ್ಚಿಗಾಗುತ್ತದೆ.

ಈಗ ತಿಂಗಳಿನ ಮಾತು. ಕಾಲುವೆ ನೀರು ಬಂತು ಅಂತ ಜೂನ್-ಜುಲೈನಲ್ಲಿ ಜಿ-9 ಊರಿದರೆ ಸರಿಯಾಗಿ ಮೇ ತಿಂಗಳ ಬಿರುಗಾಳಿಗೆ ತುಂಬಿದ ಗೊನೆ ಸಿಗುತ್ತದೆ, ಗಿಡ ಕುಳ್ಳಗಿದ್ದರೂ ಅಷ್ಟು ಭಾರಕ್ಕೆ ಮುರಿಯುತ್ತದೆ. ಬೋರ್ ಇದ್ದವರು ಫೆಬ್ರವರಿಗೆ ಊರಿ. ಗಾಳಿಗೆ ಗಿಡ ಚಿಕ್ಕದಿರುತ್ತದೆ, ಕಟಾವು ಚಳಿಗಾಲಕ್ಕೆ ಬರುತ್ತದೆ, ಸಿಪ್ಪೆಯೂ ಹಳದಿಯಾಗುತ್ತದೆ. ಬೋರ್ ಇಲ್ಲದವರಿಗೆ ನನ್ನ ಓಟು ಸುಗಂಧಿಗೆ, ಊರುಗೋಲಿನ ಖರ್ಚು ಸೇರಿಸಿಯೂ, ಎಲೆ-ಕಂದಿನ ದುಡ್ಡು ಇದೆಯಲ್ಲ.