ನೈಟ್ ಬೀಟ್: ಸ್ಯಾಮ್ ಕುಕ್‌ನ ರಾತ್ರಿ ಹಾಡುಗಳು

ಅಮೆರಿಕದ ಗಾಯಕ ಸ್ಯಾಮ್ ಕುಕ್ ಅಂದರೆ ನನಗೆ ಎರಡೇ ಹಾಡು ಗೊತ್ತಿತ್ತು. ಒಂದು 1957ರ 'ಯು ಸೆಂಡ್ ಮಿ', ಇನ್ನೊಂದು 'ಎ ಚೇಂಜ್ ಈಸ್ ಗಾನಾ ಕಮ್'. 'ನೈಟ್ ಬೀಟ್' ಆಲ್ಬಂ ಕಿವಿಗೆ ಬಿದ್ದದ್ದು ಹೋದ ಮಳೆಗಾಲದಲ್ಲಿ. ಅಂದಿನಿಂದ ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಕೂರುವುದು ರೂಢಿಯಾಗಿಬಿಟ್ಟಿದೆ.

1963ರ ಫೆಬ್ರವರಿಯಲ್ಲಿ ಹಾಲಿವುಡ್‌ನ ಆರ್‌ಸಿಎ ರೆಕಾರ್ಡ್ ಕಂಪನಿಯ ಸ್ಟುಡಿಯೊದಲ್ಲಿ ಕೆಲವೇ ದಿನಗಳಲ್ಲಿ ರೆಕಾರ್ಡ್ ಆದ 12 ಹಾಡುಗಳಿವು. ಕುಕ್‌ನ ಎಷ್ಟೋ ಹಾಡುಗಳಲ್ಲಿ ಪಿಟೀಲುಗಳ ದಂಡು, ಕೋರಸ್ಸು ಅವನ ದನಿಯನ್ನು ಮುತ್ತಿಕೊಂಡಿರುತ್ತವೆ. ಇಲ್ಲಿ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್, ಆರ್ಗನ್, ಅಷ್ಟೇ. ಆರ್ಗನ್ ನುಡಿಸಿದ ಬಿಲ್ಲಿ ಪ್ರೆಸ್ಟನ್‌ಗೆ ಆಗಿನ್ನೂ 16 ವರ್ಷ! 'ಲಿಟಲ್ ರೆಡ್ ರೂಸ್ಟರ್'ನಲ್ಲಿ ನಾಯಿಗಳ ಮಾತು ಬಂದ ಕೂಡಲೇ ಆ ಹುಡುಗ ಆರ್ಗನ್ನಿನಿಂದಲೇ ಬೊಗಳಿಸುತ್ತಾನೆ, ಊಳಿಡಿಸುತ್ತಾನೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು 'ಲಾಸ್ಟ್ ಅಂಡ್ ಲುಕಿನ್'. ಎರಡು ನಿಮಿಷ ಚಿಲ್ಲರೆಯ ಹಾಡು. ಜೊತೆಗಿರುವುದು ಬಾಸ್‌ನ ತಂತಿ, ಮೆಲ್ಲಗೆ ತಟ್ಟುವ ಸಿಂಬಲ್ ಎಂಬ ಲೋಹದ ತಟ್ಟೆ. ಹಾಗಾಗಿ ದನಿಗೆ ಅಡಗಿಕೊಳ್ಳಲು ಜಾಗವೇ ಇಲ್ಲ. ಮಾತು ಮುಗಿಯುವಲ್ಲಿ ಅವನು ಸ್ವರವನ್ನು ಬಿಟ್ಟುಬಿಡುವುದಿಲ್ಲ, ಒಂದೆರಡು ಬಳುಕು ಬಳುಕಿಸಿ ಕೆಳಗಿಳಿಸುತ್ತಾನೆ. ಪಾದ್ರಿಯ ಮಗ, 'ಸೋಲ್ ಸ್ಟಿರರ್ಸ್' ತಂಡದಲ್ಲಿ ವರ್ಷಗಟ್ಟಲೆ ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗೀತೆ ಹಾಡಿ ಪಳಗಿದ ಗಂಟಲು. ಪ್ರಾರ್ಥನೆಯ ಆ ವರಸೆ ಪ್ರೇಮದ ಹಾಡಿನಲ್ಲೂ ಹಾಗೇ ಉಳಿದಿದೆ. ಆಲ್ಬಂ ಶುರುವಾಗುವುದೂ ಗುಲಾಮಗಿರಿಯ ಕಾಲದ ಕಪ್ಪು ಜನರ ಭಕ್ತಿಗೀತೆಯೊಂದರಿಂದ. ಅವನು ಅದನ್ನು ಎತ್ತರದ ದನಿಯಲ್ಲಿ ಸಾರುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳಿಕೊಂಡ ಹಾಗೆ ಹಾಡುತ್ತಾನೆ.

ಒಂದೇ ಒಂದು ತಕರಾರಿದೆ. ಕೊನೆಗೆ ಬರುವ 'ಶೇಕ್, ರ‍್ಯಾಟಲ್ ಅಂಡ್ ರೋಲ್' ಕುಣಿತದ ಹಾಡು. ಅಲ್ಲಿಯವರೆಗೆ ಕಟ್ಟಿದ ರಾತ್ರಿಯನ್ನೆಲ್ಲ ಅದು ಕದಡಿಬಿಡುತ್ತದೆ. ನಾನಂತೂ ಅದರ ಹಿಂದಿನ 'ಫೂಲ್ಸ್ ಪ್ಯಾರಡೈಸ್' ಮುಗಿದೊಡನೆ ನಿಲ್ಲಿಸುತ್ತೇನೆ.

ಈ ಆಲ್ಬಂ ಬಂದು ಒಂದೂಕಾಲು ವರ್ಷಕ್ಕೆ, 1964ರ ಡಿಸೆಂಬರ್‌ನಲ್ಲಿ, ಕುಕ್ ಗುಂಡೇಟಿಗೆ ಬಲಿಯಾದ. ವಯಸ್ಸು 33. ಇಂಥ ಇನ್ನೊಂದು ಆಲ್ಬಂ ಅವನಿಂದ ಬರಲಿಲ್ಲ ಅನ್ನುವುದು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕೇಳುವುದಾದರೆ ಮೊಬೈಲಿನ ಸ್ಪೀಕರ್‌ನಲ್ಲಿ ದಯವಿಟ್ಟು ಬೇಡ, ಬಾಸ್ ಸತ್ತೇ ಹೋಗುತ್ತದೆ. ಹೆಡ್‌ಫೋನ್ ಹಾಕಿ, ಎರಡನೆಯ ಹಾಡಾದ 'ಲಾಸ್ಟ್ ಅಂಡ್ ಲುಕಿನ್'ನಿಂದ ಶುರು ಮಾಡಿ.