ಹೀಟ್ ಪಂಪ್ ಯೂನಿಟ್‌ನಲ್ಲಿ ಗ್ಯಾಸ್ ಲೀಕ್: ಸೋಪ್ ನೀರು, ಸ್ನಿಫರ್, ಡೈ, ನೈಟ್ರೋಜನ್ ಎಲ್ಲಾ ಹಾಕಿ ನೋಡಿದ್ದು

ಚಿಕ್ಕಮಗಳೂರು ಕಡೆ ಒಂದು ರೆಸಾರ್ಟ್ ಹಾಲ್‌ಗೆ ಹೊರಗಿನ ಗಾಳಿ ಎಳ್ಕೊಂಡು ಕೊಡೋ ದೊಡ್ಡ ಹೀಟ್ ಪಂಪ್ ಯೂನಿಟ್ ಇದೆ, ಬೇಸಿಗೇಲಿ ಕೂಲಿಂಗ್, ಚಳಿಗಾಲದಲ್ಲಿ ಹೀಟಿಂಗ್, ಒಳಗೆ ಸುತ್ತಿ ತಂಪು, ಬಿಸಿ ಸಾಗಿಸೋ ಗ್ಯಾಸ್ (ರೆಫ್ರಿಜರೆಂಟ್) ಆರ್410ಎ. ವರ್ಷಾ ವರ್ಷಾ ಗ್ಯಾಸ್ ಟಾಪ್ ಅಪ್ ಮಾಡಿಸ್ಕೊಂಡೇ ಓಡಿಸ್ತಿದ್ರು. ಗ್ಯಾಸ್ ಏನು ಪೆಟ್ರೋಲ್ ಥರ ಖರ್ಚಾಗೋ ಸಾಮಾನಲ್ಲ, ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತಾನೇ ಅರ್ಥ, ಅದನ್ನ ಹುಡುಕದೆ ತುಂಬ್ಸಿ ಬಿಲ್ ಕೊಡೋದು ಗಿರಾಕಿಗೆ ಮಾಡೋ ಅನ್ಯಾಯ ಅಂತ ನಾನು ನಂಬಿದೀನಿ.

ಆದ್ರೆ ಮೊದಲು ನಿಜವಾಗ್ಲೂ ಗ್ಯಾಸ್ ಕಮ್ಮಿ ಇದೆಯಾ ನೋಡಿ. ಸಕ್ಷನ್ ಪ್ರೆಷರ್ (ಕಂಪ್ರೆಸರ್ ಗ್ಯಾಸ್ ಎಳ್ಕೊಳ್ಳೋ ಕಡೆಯ ಒತ್ತಡ) ಬಿತ್ತು ಅಂದ ತಕ್ಷಣ ಸಿಲಿಂಡರ್ ತರ್ಬೇಡಿ, ಏರ್ ಫಿಲ್ಟರ್ ಧೂಳಿಂದ ಕಟ್ಕೊಂಡ್ರೂ ಅದು ಬೀಳತ್ತೆ, ಆದ್ರೆ ಆಗ ಸೂಪರ್‌ಹೀಟ್ (ಪೂರ್ತಿ ಆವಿಯಾದ್ಮೇಲೆ ಗ್ಯಾಸ್ ಇನ್ನೆಷ್ಟು ಡಿಗ್ರಿ ಬಿಸಿಯಾಗಿದೆ ಅನ್ನೋದು) ಏರಲ್ಲ. ಸೂಪರ್‌ಹೀಟ್ ಜಾಸ್ತಿ, ಸಬ್‌ಕೂಲಿಂಗ್ (ಪೂರ್ತಿ ದ್ರವ ಆದ್ಮೇಲೆ ಇನ್ನೆಷ್ಟು ಡಿಗ್ರಿ ತಣ್ಣಗಾಗಿದೆ ಅನ್ನೋದು) ಕಮ್ಮಿ, ಎರಡೂ ಒಟ್ಟಿಗೆ ಸಿಕ್ರೆ ಗ್ಯಾಸ್ ಕಮ್ಮಿ. ಸಕ್ಷನ್ ಜಾಸ್ತಿ, ಡಿಸ್ಚಾರ್ಜ್ (ಕಂಪ್ರೆಸರ್ ಗ್ಯಾಸ್ ಹೊರಗೆ ತಳ್ಳೋ ಕಡೆಯ ಒತ್ತಡ) ಕಮ್ಮಿ ಅಂದ್ರೆ ಕೂಲಿಂಗ್, ಹೀಟಿಂಗ್ ಅದಲು ಬದಲು ಮಾಡೋ ರಿವರ್ಸಿಂಗ್ ವಾಲ್ವ್ ಒಳಗೊಳಗೇ ಪಾಸ್ ಆಗ್ತಿರಬಹುದು ಇಲ್ಲಾ ಕಂಪ್ರೆಸರ್ ಸೋತಿರಬಹುದು, ಅಲ್ಲಿ ಲೀಕ್ ಹುಡುಕ್ತಾ ಕೂತ್ರೆ ಏನೂ ಸಿಗಲ್ಲ.

ಸೋಪ್ ನೀರು ಎಲ್ಲರ ಹತ್ರಾನೂ ಇರತ್ತೆ. ಫ್ಲೇರ್ ನಟ್, ಸರ್ವಿಸ್ ವಾಲ್ವ್, ಬ್ರೇಜಿಂಗ್ ಜಾಯಿಂಟ್ ಇಂಥ ಕಣ್ಣಿಗೆ ಕಾಣೋ ಜಾಗಕ್ಕೆ ಇದಕ್ಕಿಂತ ನಂಬಿಕಸ್ತ ಇನ್ನೊಂದಿಲ್ಲ, ಗುಳ್ಳೆ ಬಂದ್ರೆ ಬಂತು, ವಾದಾನೇ ಇಲ್ಲ. ಕಾಯಿಲ್ ಫಿನ್ ಒಳಗಡೆ ಮಾತ್ರ ಕೈಲಾಗಲ್ಲ, ಟೆರೇಸ್ ಮೇಲೆ ಗಾಳಿ ಬೀಸ್ತಿದ್ರೆ ಬೇಗ ಒಣಗತ್ತೆ, ಸಣ್ಣ ಲೀಕ್ ಆದ್ರೆ ಗುಳ್ಳೆ ಎದ್ದು ಕಾಣೋವರೆಗೂ ತಾಳ್ಮೆಯಿಂದ ಕಾಯ್ಬೇಕು. ಬಟ್ಟೆ ಸೋಪಿನ ಪುಡಿ ಬೇಡ, ಲೀಕ್ ಟೆಸ್ಟ್‌ಗೇ ಅಂತ ಬರೋ ಸೊಲ್ಯೂಷನ್ ತಗೊಳ್ಳಿ, ಕೆಲಸ ಆದ್ಮೇಲೆ ಒರೆಸಿ.

ಎಲೆಕ್ಟ್ರಾನಿಕ್ ಸ್ನಿಫರ್ ಅಂದ್ರೆ ಗ್ಯಾಸ್ ವಾಸನೆ ಹಿಡಿದು ಕೂಗೋ ಉಪಕರಣ, ಅದ್ರಲ್ಲಿ ನಾನು ಹೀಟೆಡ್ ಡಯೋಡ್, ಇನ್‌ಫ್ರಾರೆಡ್ ಎರಡೂ ಬಳಸಿದೀನಿ. ಡಯೋಡ್‌ದು ಚುರುಕು, ಆದ್ರೆ ಒಂದ್ಸಲ ಜೋರಾಗಿ ಗ್ಯಾಸ್ ಬಡಿದ್ರೆ ಸ್ವಲ್ಪ ಹೊತ್ತು ಮಂಕಾಗತ್ತೆ, ಸೆನ್ಸರ್ ಕೂಡ ಬೇಗ ಸವೆಯತ್ತೆ. ಇನ್‌ಫ್ರಾರೆಡ್ ಬೆಲೆ ಜಾಸ್ತಿ ಆದ್ರೂ ಬಾಳಿಕೆ ಬರತ್ತೆ, ಸುಳ್ಳು ಕೂಗು ಕಮ್ಮಿ, ಆದ್ರೆ ಅದನ್ನ ಒಂದೇ ಕಡೆ ಹಿಡ್ಕೊಂಡು ನಿಂತ್ರೆ ಅಲ್ಲಿರೋ ಗ್ಯಾಸನ್ನೇ ಸೊನ್ನೆ ಅಂತ ತಗೊಂಡು ಸುಮ್ನಾಗ್ಬಿಡತ್ತೆ, ನಿಧಾನಕ್ಕೆ ಸರಿಸ್ತಾನೇ ಇರ್ಬೇಕು. ಗ್ಯಾಸ್ ಗಾಳಿಗಿಂತ ಭಾರ, ಅದಕ್ಕೇ ಪೈಪಿನ ಅಡಿಯಿಂದ ಹೋಗಿ, ಕಾಯಿಲ್ ಮೇಲೆ ಅನುಮಾನ ಇದ್ರೆ ಡ್ರೈನ್ ಪೈಪಿನ ಬಾಯಲ್ಲಿ ಸ್ನಿಫರ್ ಮೂತಿ ಇಡಿ.

ಇಲ್ಲಿ ಒಂದು ವಿಷಯ ತುಂಬಾ ಜನ ಬಿಟ್ಬಿಡ್ತಾರೆ. ಕೂಲಿಂಗ್ ಓಡ್ತಿರುವಾಗ ಒಳಗಿನ ಕಾಯಿಲ್‌ನಲ್ಲಿ ಪ್ರೆಷರ್ ಇರೋದೇ ಸುಮಾರು 120 ಪಿಎಸ್‌ಐ, ಪ್ರೆಷರ್ ಕಮ್ಮಿ ಇದ್ರೆ ಸೋರೋದೂ ಕಮ್ಮಿ. ಆಫ್ ಮಾಡಿ ಬಿಟ್ರೆ 25 ಡಿಗ್ರಿ ವಾತಾವರಣದಲ್ಲಿ ಅದೇ 225ರ ಹತ್ರ ಬರತ್ತೆ, ಫ್ಯಾನ್ ನಿಂತಿರತ್ತಾದ್ರಿಂದ ಸೋರಿದ ಗ್ಯಾಸ್ ಅಲ್ಲೇ ನಿಲ್ಲತ್ತೆ. ಹೀಟಿಂಗ್‌ಗೆ ಹಾಕಿದ್ರಂತೂ ಅದೇ ಕಾಯಿಲ್ ಕಂಡೆನ್ಸರ್ (ಗ್ಯಾಸ್ ದ್ರವ ಆಗೋ ಕಡೆ) ಆಗಿ ಪ್ರೆಷರ್ ಇನ್ನೂ ಮೇಲೆ ಹೋಗತ್ತೆ. ಅದಕ್ಕೇ ಒಳಗಿನ ಕಾಯಿಲ್ ಹುಡುಕೋದಾದ್ರೆ ಸ್ವಲ್ಪ ಹೊತ್ತು ಹೀಟಿಂಗ್ ಓಡ್ಸಿ, ಆಫ್ ಮಾಡಿ, ತಕ್ಷಣ ಸ್ನಿಫರ್ ಹಿಡೀರಿ. ಆ ರೆಸಾರ್ಟ್ ಯೂನಿಟ್‌ನಲ್ಲಿ ಕೂಲಿಂಗ್‌ನಲ್ಲಿ ಮೌನವಾಗಿದ್ದ ಸ್ನಿಫರ್ ಹೀಗೆ ಮಾಡಿದಾಗ ಒಳಗಿನ ಕಾಯಿಲ್‌ನ ಯು ಬೆಂಡ್ ಹತ್ರ ಕೂಗಿತು, ಅಲ್ಲಿ ಸೋಪ್ ಹಾಕಿದ್ಮೇಲೆ ಜಾಗ ಖಚಿತ ಆಯ್ತು.

ಯುವಿ ಡೈ, ಅಂದ್ರೆ ಒಳಗೆ ಹಾಕಿ ಸೋರಿದ ಕಡೆ ಯುವಿ ಲೈಟಲ್ಲಿ ಹೊಳೆಯೋ ಬಣ್ಣ, ನನಗೆ ಅಷ್ಟು ಇಷ್ಟ ಇಲ್ಲ. ಎಣ್ಣೆ ಜೊತೆ ಸುತ್ತಿ ಹೊರಗೆ ಬರೋಕೆ ಸಮಯ ಬೇಕು, ಅಲ್ಲೀವರೆಗೂ ಗ್ಯಾಸ್ ಹೋಗ್ತಾನೇ ಇರತ್ತೆ, ಇನ್ನೊಂದ್ಸಲ ಅಲ್ಲಿಗೆ ಹೋಗ್ಬೇಕು. ಕಂಪ್ರೆಸರ್ ಮಾಡೋ ಕೆಲವರು ಒಪ್ಪೋದೂ ಇಲ್ಲ, ವಾರಂಟಿ ಇರೋ ಯೂನಿಟ್‌ಗೆ ಕೇಳದೆ ಹಾಕ್ಬೇಡಿ. ಉಳಿದದ್ದು ಯಾವುದ್ರಲ್ಲೂ ಸಿಗದೆ, ಬಿಟ್ಟು ಬಿಟ್ಟು ಸೋರೋ ಲೀಕ್ ಇದ್ರೆ ಮಾತ್ರ ಹಾಕ್ತೀನಿ.

ನೈಟ್ರೋಜನ್ ಪ್ರೆಷರ್ ಟೆಸ್ಟ್ (ನೈಟ್ರೋಜನ್ ತುಂಬಿ ಪ್ರೆಷರ್ ಇಳಿಯತ್ತಾ ಅಂತ ನೋಡೋದು) ಬೇರೇನೇ ಲೆಕ್ಕ. ಉಳಿದ ಗ್ಯಾಸ್ ರಿಕವರಿ ಮಾಡ್ಬೇಕು (ಸಿಲಿಂಡರ್‌ಗೆ ಎಳ್ಕೋಬೇಕು), ರೆಗ್ಯುಲೇಟರ್ ಬೇಕು, ಒಂದು ದಿನ ಯೂನಿಟ್ ನಿಲ್ಸೋಕೆ ಮಾಲೀಕರನ್ನ ಒಪ್ಪಿಸ್ಬೇಕು. ಆದ್ರೆ ಲೀಕ್ ಇದೆಯೋ ಇಲ್ವೋ ಅಂತ ಖಡಾಖಂಡಿತ ಹೇಳೋದು ಇದೊಂದೇ. ಯೂನಿಟ್ ಪ್ಲೇಟ್ ಮೇಲಿರೋ ಪ್ರೆಷರ್ ಮಿತಿ ದಾಟಬೇಡಿ, ಆಕ್ಸಿಜನ್ ಸಿಲಿಂಡರ್‌ನ ಯಾವ ಕಾರಣಕ್ಕೂ ಹಚ್ಚಬೇಡಿ, ಎಣ್ಣೆ ಜೊತೆ ಸೇರಿ ಸಿಡಿದು ಜೀವ ಹೋಗತ್ತೆ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡೋರು ತಾಪಮಾನಾನೂ ಬರ್ಕೊಳ್ಳಿ, 400 ಪಿಎಸ್‌ಐ ಇಟ್ಟಿದ್ರೆ 10 ಡಿಗ್ರಿ ತಣ್ಣಗಾದ್ರೇ ಸುಮಾರು 14 ಪಿಎಸ್‌ಐ ತಾನಾಗೇ ಇಳಿಯತ್ತೆ, ಮಲೆನಾಡಿನ ಚಳೀಲಿ ಇದನ್ನ ಲೀಕ್ ಅಂದ್ಕೊಂಡು ಮತ್ತೆ ಹುಡುಕೋಕೆ ಶುರು ಮಾಡೋರಿದ್ದಾರೆ.

ಒಂದೇ ಕೊಳ್ಳೋಕಾಗೋದು ಅಂದ್ರೆ ಇನ್‌ಫ್ರಾರೆಡ್ ಸ್ನಿಫರ್ ಕೊಳ್ಳಿ, ಸೋಪ್ ಬಾಟಲಿ ಹೇಗೂ ಬ್ಯಾಗಲ್ಲಿರತ್ತೆ. ರಿಪೇರಿ ಮಾಡಿದ್ಮೇಲೆ ಮಾತ್ರ ನೈಟ್ರೋಜನ್ ಬಿಟ್ಟು ಬೇರೇದನ್ನ ನಾನು ಒಪ್ಪಲ್ಲ, ಆಮೇಲೆ ಒಳಗಿನ ಗಾಳಿ, ತೇವ ಎಳೆದು 500 ಮೈಕ್ರಾನ್‌ಗೆ (ಮೈಕ್ರಾನ್ ಅಂದ್ರೆ ಇಲ್ಲಿ ವ್ಯಾಕ್ಯೂಮ್ ಅಳತೆ) ವ್ಯಾಕ್ಯೂಮ್, ಆಮೇಲೆ ಪ್ಲೇಟ್‌ನಲ್ಲಿ ಬರೆದಷ್ಟೇ ಗ್ಯಾಸ್ ತಕ್ಕಡೀಲಿ ತೂಗಿ, ಅದೂ ಲಿಕ್ವಿಡ್ ರೂಪದಲ್ಲಿ, ಯಾಕಂದ್ರೆ ಆರ್410ಎ ಎರಡು ಗ್ಯಾಸ್‌ಗಳ ಮಿಶ್ರಣ, ಆವಿಯಾಗಿ ತುಂಬಿದ್ರೆ ಅವೆರಡರ ಪ್ರಮಾಣ ಏರುಪೇರಾಗಬಹುದು. ಈಗ ಆರ್32 ಯೂನಿಟ್‌ಗಳು ಜಾಸ್ತಿ ಬರ್ತಿವೆ, ಅದಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯೋ ಗುಣ ಇದೆ, ಹೊಸ ಸ್ನಿಫರ್ ತಗೊಳ್ಳೋರು ಆ ಗ್ಯಾಸ್‌ಗೆ ಬಳಸಬಹುದು ಅಂತ ಅದರ ಮೇಲೆ ಬರೆದಿದೆಯಾ ನೋಡಿ ತಗೊಳ್ಳಿ.