ಹುಬ್ಬಳ್ಳಿಯ ಒಂದು ಡಯಾಲಿಸಿಸ್ ಘಟಕ: ಪೈಪಿನ ಆರೈಕೆ ಚೊಕ್ಕ, ಫಿಸ್ಟುಲಾ ಮಾತ್ರ ತಡ

ಗದಗ, ನವಲಗುಂದ, ಹಾವೇರಿ ಕಡೆಯಿಂದ ಹುಬ್ಬಳ್ಳಿಗೆ ಬರುವ ಬಹಳಷ್ಟು ಕಿಡ್ನಿ ರೋಗಿಗಳಿಗೆ ಡಯಾಲಿಸಿಸ್ ಶುರುವಾಗುವುದು ತುರ್ತಿನಲ್ಲಿ, ಕುತ್ತಿಗೆಗೆ ಹಾಕಿದ ಪೈಪಿನಿಂದ. ಆ ಪೈಪನ್ನು ಎಷ್ಟು ಶುದ್ಧವಾಗಿ ಮುಟ್ಟುತ್ತಾರೆ, ಎಷ್ಟು ಬೇಗ ತೆಗೆಸಿ ಫಿಸ್ಟುಲಾಕ್ಕೆ (ಆಪರೇಷನ್ ಮಾಡಿ ಕೈಯ ಎರಡು ರಕ್ತನಾಳ ಜೋಡಿಸಿ, ಡಯಾಲಿಸಿಸ್ ಸೂಜಿ ಚುಚ್ಚಲು ಮಾಡುವ ದಾರಿ) ಬದಲಿಸುತ್ತಾರೆ ಎಂಬ ಎರಡು ಪ್ರಶ್ನೆ ಹಿಡಿದು ಇಲ್ಲಿನ ಖಾಸಗಿ ಘಟಕವೊಂದನ್ನು ನೋಡಿದ್ದೇವೆ. ಮೊದಲನೆಯದರಲ್ಲಿ ಅದು ಪಾಸು, ಎರಡನೆಯದರಲ್ಲಿ ಅಲ್ಲ.

ಮುಚ್ಚಳ ಬಿಚ್ಚುವ ಮೊದಲೇ ಸಿಸ್ಟರ್‌ಗೂ ರೋಗಿಗೂ ಮಾಸ್ಕ್ ಬರುತ್ತದೆ. ಪೈಪಿನ ಬಾಯಿಯನ್ನು ಸ್ಪಿರಿಟ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ ತಿಕ್ಕಿ, ಒಣಗುವ ತನಕ ಕಾಯುತ್ತಾರೆ. ಒಣಗದೆ ಜೋಡಿಸಿದರೆ ತಿಕ್ಕಿದ್ದೆಲ್ಲ ವ್ಯರ್ಥ. ರಕ್ತ ಹೆಪ್ಪುಗಟ್ಟದಿರಲೆಂದು ಹಿಂದಿನ ಸಲ ಪೈಪಿನಲ್ಲಿ ತುಂಬಿಟ್ಟ ಹೆಪಾರಿನ್ ಔಷಧಿಯನ್ನು ಒಳಕ್ಕೆ ತಳ್ಳದೆ ಹೊರಗೆಳೆದು ಚೆಲ್ಲುತ್ತಾರೆ. ಕೊನೆಗೆ ಮತ್ತೆ ತುಂಬುವಾಗ ಕವಲಿನ ಮೇಲೆ 1.2 ಮಿಲಿ ಎಂದು ಮುದ್ರಿಸಿದ್ದರೆ ಅಷ್ಟೇ ಹಾಕುತ್ತಾರೆ; ಅಂದಾಜಿಗೆ ಹೆಚ್ಚು ತುಂಬಿದರೆ ಮಿಕ್ಕಿದ್ದು ರಕ್ತಕ್ಕೆ ಸೇರಿ ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಚಳಿ ನಡುಕ ಬಂದವರಿಗೆ ಆಂಟಿಬಯಾಟಿಕ್ ಕೊಡುವ ಮುನ್ನ ಪೈಪಿನಿಂದಲೂ ಕೈಯಿಂದಲೂ ಬ್ಲಡ್ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಪತ್ತೆಯ ಪರೀಕ್ಷೆ) ರಕ್ತ ತೆಗೆಯುತ್ತಾರೆ.

ನೀರಿನ ಕಡೆಗೂ ಗಮನವಿದೆ. ನಿಮಿಷಕ್ಕೆ 500 ಮಿಲಿಯಂತೆ 4 ತಾಸಿಗೆ 120 ಲೀಟರ್ ಡಯಾಲಿಸಿಸ್ ದ್ರಾವಣ ಹರಿಯುತ್ತದೆ, ಅದು ತಯಾರಾಗುವುದು ಈ ನೀರಿನಿಂದಲೇ. ಅವಳಿನಗರದಲ್ಲಿ ನಲ್ಲಿ, ಟ್ಯಾಂಕರ್, ಬೋರ್‌ವೆಲ್ ನೀರೆಲ್ಲ ಒಂದೇ ಸಂಪಿಗೆ ಬೀಳುವುದುಂಟು, ಹಾಗಾಗಿ ಆರ್‌ಒ ಮೇಲೆ ಭಾರ ಹೆಚ್ಚು. ಪ್ರತಿ ಪಾಳಿಗೂ ಕ್ಲೋರಿನ್ ಪರೀಕ್ಷಿಸಿ ಬರೆದಿಡುತ್ತಾರೆ. ಎಂಡೋಟಾಕ್ಸಿನ್ (ನೀರಿನಲ್ಲಿ ಬ್ಯಾಕ್ಟೀರಿಯಾ ಬಿಡುವ ವಿಷ) ವರದಿ ಕೇಳಿದರೆ ತೋರಿಸುತ್ತಾರೆ. ಕೇಳಿ, ಯಾಕೆಂದರೆ ಕೊಳೆ ನೀರೂ ಸದ್ದಿಲ್ಲದೆ ಉರಿಯೂತ ಹೆಚ್ಚಿಸುತ್ತದೆ.

ಇಷ್ಟೆಲ್ಲ ಮಾಡಿದವರು ಫಿಸ್ಟುಲಾ ಮಾತೆತ್ತುವುದು ಎರಡನೇ ತಿಂಗಳಿಗೆ. ಆಪರೇಷನ್ ಆದ ಮೇಲೆ ರಕ್ತನಾಳ ಮಾಗಲು ಇನ್ನೂ 6ರಿಂದ 8 ವಾರ ಬೇಕು. ಕಫ್ (ಚರ್ಮದಡಿ ಪೈಪನ್ನು ಹಿಡಿದಿಡುವ ಪಟ್ಟಿ) ಇಲ್ಲದ ತಾತ್ಕಾಲಿಕ ಪೈಪು 2 ವಾರಕ್ಕೆ ಮೀರಿ ಇಡುವಂಥದ್ದಲ್ಲ. ಇಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. "ಪೈಪ್ ಇದ್ರ ಸೂಜಿ ಚುಚ್ಚೂದು ತಪ್ಪತೈತಿ ಬಿಡ್ರಿ" ಅನ್ನುವ ರೋಗಿಗಳನ್ನು ಯಾರೂ ಕೂರಿಸಿ ಒಪ್ಪಿಸುವುದಿಲ್ಲ.

ಒಪ್ಪಿಸಲೇಬೇಕು. ಪೈಪಿನ ಒಳಗೋಡೆಗೆ ಬ್ಯಾಕ್ಟೀರಿಯಾ ಪಾಚಿಯಂತೆ ಅಂಟಿಕೊಳ್ಳುತ್ತದೆ. ಜ್ವರವಿಲ್ಲದಿದ್ದರೂ ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಏರಬಹುದು, ಆಲ್ಬುಮಿನ್ ಎಂಬ ಪ್ರೋಟೀನ್ ಇಳಿಯಬಹುದು. ರಕ್ತ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಕೊಟ್ಟರೂ ಹಿಮೋಗ್ಲೋಬಿನ್ ಮೇಲೇಳದಿರಬಹುದು. ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಉರಿಯೂತದಿಂದಲೂ ಏರುತ್ತದೆ. ಅದೊಂದನ್ನೇ ನೋಡಿ ಕಬ್ಬಿಣ ಸಾಕಷ್ಟಿದೆ ಎಂದುಕೊಂಡರೆ ಮೋಸ. ಇಂಥ ರೋಗಿಗೆ ಈ ಘಟಕ ಇಂಜೆಕ್ಷನ್ ಡೋಸ್ ಏರಿಸುತ್ತದೆ, ಸಿಆರ್‌ಪಿ ಪರೀಕ್ಷೆ ಬರೆಯುವುದಿಲ್ಲ. ಇದೇ ದೊಡ್ಡ ದೋಷ. ದುಬಾರಿ ಇಂಜೆಕ್ಷನ್ ಖರ್ಚು ಬಡವರ ಮೇಲೆ ಬೀಳುತ್ತದೆ, ಕಾರಣ ಕುತ್ತಿಗೆಯಲ್ಲೇ ಕುಳಿತಿರುತ್ತದೆ.

ಫಿಸ್ಟುಲಾ ತಯಾರಾದವರಿಗೆ ಮಾತ್ರ ಸೂಜಿ ಕೆಲಸ ಹಗುರ ಕೈಯದು. ಮೊದಲ ಕೆಲವು ಸಲ 17 ಗೇಜ್‌ನ ತೆಳು ಸೂಜಿ, ರಕ್ತದ ಪಂಪ್ ನಿಮಿಷಕ್ಕೆ 200 ಮಿಲಿ ಆಸುಪಾಸು, ಆಮೇಲೆ ತುಸು ದಪ್ಪನೆಯ 16 ಗೇಜ್. ಪ್ರತಿ ಸಲ ಜಾಗ ಬದಲಿಸುತ್ತಾರೆ. ಒಂದೇ ಕಡೆ ಚುಚ್ಚುತ್ತಿದ್ದರೆ ಅಲ್ಲಿ ಉಬ್ಬು ಬರುತ್ತದೆ.

ಇಲ್ಲಿಗೆ ಸೇರುವವರು ಮೊದಲ ದಿನವೇ ಸರ್ಜನ್ ತಾರೀಖು ಮತ್ತು ಕೈಯ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಕೇಳಿ. ಫಿಸ್ಟುಲಾಕ್ಕೆಂದು ಉಳಿಸಬೇಕಾದ, ಬರೆಯದ ಕೈಯಲ್ಲಿ ಸಲೈನ್, ರಕ್ತ ತೆಗೆಯುವುದು ಬೇಡವೆನ್ನಿ. ಆಪರೇಷನ್ ಆದ ಮೇಲೆ ಆ ಕೈಗೆ ಬಿಪಿ ಪಟ್ಟಿಯೂ ಬೇಡ. ಬೆಳಿಗ್ಗೆ ಎದ್ದ ಕೂಡಲೇ ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡಿ. ರಕ್ತ ಹರಿಯುವಾಗ ಝುಮ್ಮೆನ್ನುವುದು ನಿಂತಿದ್ದರೆ ನಾಳಿನ ಪಾಳಿಗೆ ಕಾಯದೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ.